ಪಥ್ಯ ಬಿಡುವ ಭಾನುವಾರ

ಮುನ್ನೂರ ನಲವತ್ತು ಕ್ಯಾಲರಿ. ಹದಿನೈದು ಗ್ರಾಂ ಪ್ರೋಟೀನು, ಹದಿನೇಳು ಗ್ರಾಂ ಕೊಬ್ಬು, ಮೂವತ್ತೆರಡು ಗ್ರಾಂ ಕಾರ್ಬೋಹೈಡ್ರೇಟು. ಸೋಡಿಯಂ ಏಳುನೂರ ಇಪ್ಪತ್ತು ಮಿಲಿಗ್ರಾಂ. ಒಂದು ಚಿಕನ್ ಚೀಸ್ ಬರ್ಗರಿನಲ್ಲಿ ಇರುವುದು ಇಷ್ಟು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹನ್ನೆರಡರ ಮೇಲೆ ಮಗ್ಗಿ ಬರುವುದಿಲ್ಲ. ಆದರೆ ಇದನ್ನು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಂಕೆ ತಪ್ಪದೆ ಹೇಳುತ್ತೇನೆ. ನನ್ನ ಗಂಡ ಅದನ್ನು ತಿನ್ನಬಾರದೆಂದು ಹಟ ಹಿಡಿದು ಕಲಿತದ್ದು.

ನನ್ನ ಗಂಡನ ಹೆಸರು ಚೆನ್ನಯ. ಇಪ್ಪತ್ತೊಂಬತ್ತು ವರ್ಷ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಬಿ.ಪಿ. ಏರಿದ್ದು ಇವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಹೋಗಿದ್ದವು. ಅಲ್ಲಿಂದ ಶುರುವಾಯಿತು ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುರ್ಲಾದ ನಮ್ಮ ಚಾಳಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ಸೆಂಟರು. ನಾಲ್ಕು ಗಂಟೆ ಇವರು ಯಂತ್ರದ ಪಕ್ಕ ಮಲಗಿರುವುದು, ನಾನು ಹೊರಗೆ ಬೆಂಚಿನಲ್ಲಿ ಕೂತು ಕಂಡಕಂಡವರನ್ನೆಲ್ಲ ಮನಸ್ಸಿನಲ್ಲೇ ಬೈಯುವುದು. ಎರಡು ವರ್ಷ ಹೀಗೇ ಹೋಯಿತು.

ಅಲ್ಲಿ ಪಥ್ಯ ಹೇಳುವ ರೂಪಾಲಿ ಎಂಬ ಹುಡುಗಿ ನನ್ನ ಕೈಗೊಂದು ಕಾಗದ ಕೊಟ್ಟಳು. ದಿನಕ್ಕೆ ಸೋಡಿಯಂ ಎರಡು ಸಾವಿರ ಮಿಲಿಗ್ರಾಂ ದಾಟಬಾರದು. ನೀರು, ಚಹಾ, ಸಾರು ಎಲ್ಲ ಸೇರಿ ಮುಕ್ಕಾಲು ಲೀಟರ್. ಬಟಾಟೆಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಬೇಕು. ಎಳನೀರಿಲ್ಲ, ಬಾಳೆಹಣ್ಣಿಲ್ಲ. ಚೀಸಂತೂ ಬೇಡವೇ ಬೇಡ, ಅದರಲ್ಲಿ ಫಾಸ್ಫರಸ್ಸು. ಅದು ಏರಿದರೆ ಮೈಯೆಲ್ಲ ತುರಿಕೆ, ಮೂಳೆ ಟೊಳ್ಳು. ನಮ್ಮ ಕಡೆಯ ಮನುಷ್ಯನಿಗೆ ಮತ್ತೆ ಉಳಿದದ್ದೇನು ಹೇಳಿ. ಒಣಮೀನಿಲ್ಲ, ಉಪ್ಪಿನಕಾಯಿ ಇಲ್ಲ, ಗಂಜಿಗೆ ಉಪ್ಪಿಲ್ಲ. ಆದರೂ ನಾನು ಬಿಡಲಿಲ್ಲ. ನೀರಿನ ಬಾಟಲಿಗೆ ಮಾರ್ಕರಿನಲ್ಲಿ ಗೆರೆ ಎಳೆದೆ. ಬಾಯಾರಿಕೆ ಎಂದರೆ ನಾಲಿಗೆಯ ಮೇಲೆ ಒಂದು ಐಸ್ ತುಂಡು ಇಡುತ್ತಿದ್ದೆ, ಅಷ್ಟೇ. ನಾನು ಗಟ್ಟಿಯಾಗಿ ಹಿಡಿದುಕೊಂಡರೆ ಇವರು ಉಳಿಯುತ್ತಾರೆ ಎಂದು ನಂಬಿದ್ದೆ.

ಇವರು, ಪಾಪ, ಎಲ್ಲದಕ್ಕೂ ತಲೆಯಾಡಿಸಿದರು. ಬಾಯಿಬಿಟ್ಟು ಕೇಳಿದ್ದು ಒಂದನ್ನೇ. ಸೆಂಟರಿರುವ ಬಿಲ್ಡಿಂಗಿನ ಕೆಳಗಡೆ ಒಂದು ಬರ್ಗರ್ ಅಂಗಡಿಯಿತ್ತು. ಡಯಾಲಿಸಿಸ್ ಮುಗಿಸಿ ಇಳಿಯುವಾಗ ಅದರ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಂದು ದಿನ ಇವರು ಅಲ್ಲೇ ನಿಂತುಬಿಟ್ಟರು.

“ಪ್ರಫುಲ್ಲಾ, ನನಗೊಂದು ಚೀಸ್ ಬರ್ಗರ್ ತಿನ್ಬೇಕು ಅಂತ ಉಂಟು.”

“ಎಂತ? ತಲೆ ಸರಿ ಉಂಟಾ ನಿಮ್ದು?”

“ಬಾಯಿಚಪಲ ಅಲ್ಲ ಮಾರಾಯ್ತಿ. ನಮ್ಮ ಹೋಟ್ಲಿನ ಎದುರು ಇಂಥದೇ ಅಂಗಡಿ ಬಂತಲ್ಲ, ಕಾಲೇಜಿನ ಮಕ್ಕಳೆಲ್ಲ ನನ್ನ ದೋಸೆ ಬಿಟ್ಟು ಅಲ್ಲಿಗೆ ಹೋದ್ರು. ಇಪ್ಪತ್ತು ವರ್ಷದಿಂದ ಬರ್ತಾ ಇದ್ದವರ ಮಕ್ಕಳು. ಅದರಲ್ಲಿ ಅಂಥದ್ದು ಎಂತ ಹಾಕ್ತಾರೆ ಅಂತ ನನಗೆ ಗೊತ್ತಾಗ್ಬೇಕು. ಒಂದೇ ಒಂದು ಸಾಕು.”

ಕೆಲಸದಲ್ಲಿದ್ದಾಗ ರಸ್ತೆ ದಾಟಿ ಹೋಗಿ ತಿನ್ನಲು ಈ ಮನುಷ್ಯನಿಗೆ ಪುರುಸೊತ್ತಿರಲಿಲ್ಲ. ಹೋಟೆಲಿನ ಏಪ್ರನ್ ಕಟ್ಟಿಕೊಂಡು ಎದುರಿನ ಅಂಗಡಿಗೆ ಹೋದರೆ ಮಾಲೀಕ ಸೇಠ್ ಏನೆಂದುಕೊಂಡಾರು ಎಂಬ ಮರ್ಯಾದೆ ಬೇರೆ. ಈಗ ಕೇಳುತ್ತಾರೆ, ಬಾಯಿಗೆ ಬೀಗ ಬಿದ್ದ ಮೇಲೆ. ನನಗೆ ಸಿಟ್ಟು ಎಲ್ಲಿತ್ತೋ. ಅವತ್ತು ಜೊತೆಗೆ ಬಂದಿದ್ದ ಮಗಳು ಯಕ್ಷಿತಾಳನ್ನು ಎಳೆದುಕೊಂಡು ಆ ಅಂಗಡಿಯ ಒಳಗೇ ಹೋದೆ. ಈಗ ಹತ್ತೊಂಬತ್ತರ ಹುಡುಗಿ, ಕುರ್ಲಾದಲ್ಲೇ ಹುಟ್ಟಿದವಳು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಗೆ ಬೀಳುತ್ತದೆ. ಗೋಡೆಯ ಮೇಲೆ ಯಾವ ತಿಂಡಿಯಲ್ಲಿ ಎಷ್ಟೆಷ್ಟು ಏನಿದೆ ಎಂಬ ಪಟ್ಟಿ ಇಂಗ್ಲಿಷಿನಲ್ಲಿ ಅಂಟಿಸಿದ್ದರು. “ಓದು,” ಎಂದೆ.

“ಕ್ಯಾಲರಿ ಥ್ರೀ ಫಾರ್ಟಿ. ಸೋಡಿಯಂ ಸೆವೆನ್ ಟ್ವೆಂಟಿ. ಫಾಸ್ಫರಸ್ ತೋ ಲಿಖಾ ಹೀ ನಹೀ, ಅಮ್ಮ.”

ಬರೆದಿಲ್ಲ ಎಂದರೆ ಬರೆಯಲು ಹೆದರಿಕೆಯಾಗುವಷ್ಟು ಇದೆ ಎಂದು ನಾನೇ ತೀರ್ಮಾನಿಸಿದೆ. ಹೊರಗೆ ಬಂದು ಇವರ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಇವರು ಕೇಳಿಸಿಕೊಂಡು, “ಪ್ರೋಟೀನು ಹದಿನೈದು ಗ್ರಾಂ ಉಂಟಲ್ಲ. ಪ್ರೋಟೀನ್ ತಿನ್ನಿ ಅಂತ ಡಾಕ್ಟ್ರೇ ಹೇಳಿದ್ದು,” ಎಂದರು. ನಾನು ರಿಕ್ಷಾಕ್ಕೆ ಕೈ ಮಾಡಿದೆ. ಆಮೇಲೆ ಆ ಎರಡು ವರ್ಷದಲ್ಲಿ ಎಷ್ಟು ಸಲ ಕೇಳಿದರೋ ಅಷ್ಟು ಸಲ ಅದನ್ನೇ ಒಪ್ಪಿಸಿದೆ. ಕೊನೆಕೊನೆಗೆ ಇವರೇ ನನ್ನ ಜೊತೆ ಸೇರಿ, “ಸೋಡಿಯಂ ಏಳುನೂರ ಇಪ್ಪತ್ತು, ಗೊತ್ತುಂಟು,” ಎಂದು ನಗುತ್ತಿದ್ದರು.

ಈ ಫೆಬ್ರವರಿಯಲ್ಲಿ ಇವರ ಹೃದಯ ಸೋತಿತು. ಯಂತ್ರಕ್ಕೆ ಹಾಕಿದ ಅರ್ಧ ಗಂಟೆಗೇ ಬಿ.ಪಿ. ಕುಸಿಯುವುದು, ತೆಗೆಯುವುದು, ಮತ್ತೆ ಹಾಕುವುದು. ಎಂಟು ದಿನ ಆಸ್ಪತ್ರೆಯಲ್ಲಿಟ್ಟರು. ಒಂಬತ್ತನೆಯ ದಿನ, ಮಂಗಳವಾರ, ದೊಡ್ಡ ಡಾಕ್ಟರು ಇವರ ಮಂಚದ ಹತ್ತಿರ ಬಂದು ನನಗೆ ಹೇಳಿದರು: “ಮೌಸಿ, ಅಬ್ ಪರಹೇಜ್ ಛೋಡ್ ದೋ. ಜೋ ಮನ್ ಕರೇ ಖಿಲಾವೋ. ಘರ್ ಲೇ ಜಾವೋ.”

ಪಥ್ಯ ಬಿಟ್ಟುಬಿಡಿ, ಮನಸ್ಸು ಬಂದದ್ದು ತಿನ್ನಿಸಿ, ಮನೆಗೆ ಕರೆದುಕೊಂಡು ಹೋಗಿ. ನನಗೆ ಹಿಂದಿ ಬರುವುದಿಲ್ಲ ಎಂದುಕೊಳ್ಳಬೇಡಿ, ಮೂವತ್ತು ವರ್ಷ ಈ ಊರಿನ ತರಕಾರಿಯವರ ಜೊತೆ ಜಗಳವಾಡಿದವಳು. ಮಾತು ಮಾತಿಗೂ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

ಹನ್ನೊಂದು ವರ್ಷದವಳಿದ್ದಾಗ ಮುಲ್ಕಿಯ ನಮ್ಮ ಮನೆಯಲ್ಲಿ ನನಗೆ ಕಾಮಾಲೆಯಾಗಿತ್ತು. ಮದ್ದು ಕೊಡುತ್ತಿದ್ದ ಐತಣ್ಣ ನಲವತ್ತೆಂಟು ದಿನ ಉಪ್ಪಿಲ್ಲದ ಗಂಜಿ ಕುಡಿಸಿದರು. ಒಂದು ಬೆಳಿಗ್ಗೆ ನನ್ನ ಕಣ್ಣು ಬಿಡಿಸಿ ನೋಡಿ, “ಇನ್ನು ಪಥ್ಯ ಬಿಡಬಹುದು,” ಎಂದರು. ನಮ್ಮಮ್ಮ ಅವತ್ತು ಐತಣ್ಣನಿಗೆ ಹೊಸ ಪಂಚೆ ಕೊಟ್ಟು, ಅಕ್ಕಪಕ್ಕದ ಮನೆಗೆಲ್ಲ ಪಾಯಸ ಹಂಚಿದಳು. ನಮ್ಮಲ್ಲಿ ಆ ಮಾತನ್ನು ಹೇಳುವುದು ಗುಣವಾದವರಿಗೆ. ಸಾಯುವವರಿಗೆ ಅದನ್ನು ಹೇಳುತ್ತಾರೆ ಎಂದು ನನಗೆ ಯಾರು ಕಲಿಸಿದ್ದರು?

ಡಾಕ್ಟರು ಯಕ್ಷಿತಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಇನ್ನೇನೋ ಹೇಳಿದರು. ಅವಳು ಗೋಡೆಗೆ ಮುಖ ಮಾಡಿ ನಿಂತಳು. ಹುಡುಗಿ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. ಮುಂದಿನ ಡಯಾಲಿಸಿಸ್ ಯಾವಾಗ ಎಂದು ನಾನು ಕೇಳಿದ್ದಕ್ಕೆ, “ಅದೂ ಬೇಡ ಅಂದ್ರು ಅಮ್ಮ,” ಎಂದಳು. ಅದೂ ಬೇಡವಂತೆ. ನನ್ನ ಬುದ್ಧಿಗೆ ಅಷ್ಟು ಮಂಕು ಕವಿದಿತ್ತು, ಅದನ್ನೂ ಒಳ್ಳೆಯ ಸುದ್ದಿ ಎಂದೇ ಹಿಡಿದೆ.

ವಾರ್ಡಿನ ಬಾಗಿಲಿಗೆ ಓಡಿ ಊರಿಗೆ ಫೋನು ಮಾಡಿದೆ. ಇವರ ಅಕ್ಕ ನೀಲಾವತಿ ಅತ್ತಿಗೆ ಫೋನಿನಲ್ಲೇ ದೇವರಿಗೆ ಕೈಮುಗಿದರು. ಆಮೇಲೆ ಹೇಳಿದರು: “ನೋಡು ಪ್ರಫುಲ್ಲಾ, ಪಥ್ಯವನ್ನು ಒಮ್ಮೆಲೇ ಬಿಡ್ಲಿಕ್ಕಿಲ್ಲ, ಗೊತ್ತುಂಟಲ್ಲ? ಮೊದಲು ಗಂಜಿಗೆ ಚಿಟಿಕೆ ಉಪ್ಪು. ಮರುದಿನ ತೋವೆ. ಮತ್ತೆ ಮೀನಿನ ಸಾರು. ಹೊರಗಿನದ್ದೆಲ್ಲ ಕಡೆಗೆ. ಅವಸರ ಮಾಡಿ ಹಾಳು ಮಾಡ್ಬೇಡ.” ಇದು ನನಗೂ ಗೊತ್ತಿದ್ದದ್ದೇ. ಪಥ್ಯ ಬಿಡುವುದಕ್ಕೂ ನಮ್ಮಲ್ಲಿ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ರೋಗ ಮರಳಿ ಬರುತ್ತದೆ.

ಅವತ್ತು ಮನೆಗೆ ಬಂದು ಬೆರಳು ಮಡಚಿ ಇವರಿಗೆ ಹೇಳಿದೆ. ಬುಧವಾರ ಉಪ್ಪಿನ ಗಂಜಿ, ಗುರುವಾರ ತೋವೆ, ಶುಕ್ರವಾರ ಮೀನಿನ ಸಾರು, ಶನಿವಾರ ಅದನ್ನೇ ಹೊಟ್ಟೆ ತುಂಬ. “ಭಾನುವಾರ ನಿಮ್ಮ ಚೀಸ್ ಬರ್ಗರ್. ಸೋಡಿಯಂ ಎಷ್ಟಿದ್ರೂ ನಾನು ಬಾಯಿ ತೆರೆಯುವುದಿಲ್ಲ.”

ಇವರು ದಿಂಬಿಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದರು. “ನಾಳೆ ಆಗುವುದಿಲ್ವಾ?” ಎಂದರು.

“ಎರಡು ವರ್ಷ ಕಾದವರಿಗೆ ಐದು ದಿನ ಭಾರವಾ?”

ಇವರು ನಕ್ಕರು. “ಆಯ್ತು ಮಾರಾಯ್ತಿ. ಭಾನುವಾರ.”

ಬುಧವಾರ ಗಂಜಿಗೆ ಉಪ್ಪು ಹಾಕಿ ಕೊಟ್ಟೆ. ಮೊದಲ ಗುಟುಕಿಗೆ ಇವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಗುರುವಾರ ತೋವೆ ಎರಡು ಚಮಚ ಹೋಯಿತು. ಕಾಲು ಊದಿಕೊಂಡಿತ್ತು, ಉಸಿರು ಸಣ್ಣಗೆ ಎಳೆಯುತ್ತಿತ್ತು. ಪಥ್ಯ ಬಿಟ್ಟ ಹೊಸತರಲ್ಲಿ ಮೈ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳಬೇಕೆಂದೇ ಹೊರಟವಳಿಗೆ ಕಾರಣಗಳಿಗೇನು ಬರ.

ಶುಕ್ರವಾರ ಸಂಜೆ ಯಕ್ಷಿತಾ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಅಪ್ಪನ ಪಕ್ಕ ಕೂತಳು. ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು. ವಾಸನೆ ಬಂದ ಕೂಡಲೇ ನನಗೆ ಗೊತ್ತಾಯಿತು. ಅಡುಗೆಯ ಕಟ್ಟೆಯಿಂದ ಎರಡೇ ಹೆಜ್ಜೆಗೆ ಬಂದು ಅವಳ ಕೈಯಿಂದ ಕಿತ್ತುಕೊಂಡೆ.

“ಯಾರು ತರ್ಲಿಕ್ಕೆ ಹೇಳಿದ್ದು ನಿನಗೆ?”

“ಅಮ್ಮ, ಪ್ಲೀಸ್. ಪಪ್ಪನಿಗೆ ಕೊಡು. ಇವತ್ತೇ ಕೊಡು.”

“ಭಾನುವಾರ ಅಂತ ಹೇಳಿ ಆಗಿದೆ. ಇನ್ನೆರಡು ದಿನ. ಎರಡು ವರ್ಷ ನಾನು ಪ್ರಾಣ ಒತ್ತೆಯಿಟ್ಟು ಕಾದದ್ದನ್ನು ಎರಡು ದಿನಕ್ಕೋಸ್ಕರ ಹಾಳು ಮಾಡ್ತೀಯಾ? ಅಪ್ಪನ ಮೇಲೆ ಪ್ರೀತಿ ಇರುವುದು ನಿನಗೊಬ್ಬಳಿಗೇನಾ?”

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಇವರು ಅವಳ ಮೊಣಕೈ ಹಿಡಿದರು. “ಅಮ್ಮ ಹೇಳಿದ್ದು ಸರಿ, ಮಗಾ. ಭಾನುವಾರ,” ಎಂದರು. ನಾನು ಪೊಟ್ಟಣವನ್ನು ಚಾಳಿನ ಉದ್ದ ಗ್ಯಾಲರಿಯ ಕೊನೆಯ ಕಸದ ಡ್ರಮ್ಮಿನವರೆಗೆ ಹೊತ್ತುಕೊಂಡು ಹೋಗಿ ಹಾಕಿ ಬಂದೆ. ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ವಾಪಸು ಬಂದಾಗ ಅಪ್ಪ ಮಗಳು ಮೆಲ್ಲಗೆ ಏನೋ ಮಾತಾಡುತ್ತಿದ್ದರು, ನನ್ನನ್ನು ಕಂಡು ನಿಲ್ಲಿಸಿದರು. ನನ್ನ ಮೇಲೆ ಚಾಡಿ ಹೇಳುತ್ತಿರಬೇಕು, ಹೇಳಲಿ ಎಂದು ಮೀನು ಕೊಯ್ಯಲು ಕೂತೆ.

ಶನಿವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಎರಡು ಬಿಂದಿಗೆ ತುಂಬಿಸಿ ಒಳಗೆ ಬಂದು, “ಏಳಿ, ಮುಖ ತೊಳೆಸ್ತೇನೆ,” ಎಂದೆ. ಇವರು ಏಳಲಿಲ್ಲ.

ಸಂಜೆಯೊಳಗೆ ದಹನವೂ ಮುಗಿಯಿತು. ಹೋಟೆಲಿನವರು ಬಂದರು, ಚಾಳಿನವರು ಬಂದರು. ನಾನು ಬಂದವರನ್ನೆಲ್ಲ ಹಿಡಿದು ಕೇಳುತ್ತಿದ್ದೆ: ಗುಣವಾಯ್ತು ಎಂದು ಕಳಿಸಿದ ಮನುಷ್ಯ ನಾಲ್ಕು ದಿನಕ್ಕೆ ಹೋಗುವುದೆಂದರೇನು? ಆ ಡಾಕ್ಟರ ಕಾಲರ್ ಹಿಡಿದು ಕೇಳುತ್ತೇನೆ, ಪಥ್ಯ ಬಿಡಿ ಎಂದವರು ಅವರೇ ತಾನೆ? ಎಲ್ಲರೂ ನೆಲ ನೋಡುತ್ತಿದ್ದರು. ಅವರೆಲ್ಲರಿಗೂ ಆ ಮಾತಿನ ಅರ್ಥ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಊರಿನಿಂದ ಹೊರಟ ಅತ್ತಿಗೆಯ ರೈಲು ಇನ್ನೂ ಮುಟ್ಟಿರಲಿಲ್ಲ. ನಾನು ಮತ್ತೆ ಡಾಕ್ಟರನ್ನು ಬೈಯಲು ಶುರು ಮಾಡಿದೆ. ಯಕ್ಷಿತಾ ತಡೆದಳು.

“ಅಮ್ಮ, ಬಸ್. ಡಾಕ್ಟರ್ ಗುಣ ಆಯ್ತು ಅಂತ ಹೇಳ್ಲೇ ಇಲ್ಲ. ಹಾರ್ಟ್ ಡಯಾಲಿಸಿಸ್ ತಡ್ಕೊಳ್ಳುದಿಲ್ಲ, ಒಂದು ವಾರ, ಅಷ್ಟೇ ಅಂದ್ರು. ಅದಕ್ಕೇ ಏನು ಬೇಕಾದ್ರೂ ಕೊಡಿ ಅಂದದ್ದು.”

“ನಿನಗೆ ಗೊತ್ತಿತ್ತಾ?”

“ಹ್ಞೂಂ. ಪಪ್ಪನಿಗೂ. ಪಪ್ಪ ಅಲ್ಲೇ ಮಲಗಿದ್ರಲ್ಲ. ನೀನು ಫೋನ್ ಮಾಡ್ಲಿಕ್ಕೆ ಓಡಿದೆ, ನಾನು ಹಿಂದೆ ಬರ್ತಾ ಇದ್ದೆ, ಪಪ್ಪ ಕೈ ಹಿಡ್ಕೊಂಡ್ರು. ಹೇಳ್ಬೇಡ, ಎರಡು ವರ್ಷ ಆಯ್ತು ಅಮ್ಮ ಬೈಯದೆ ಮಾತಾಡಿ, ಅವಳ ಲೆಕ್ಕದಲ್ಲಿ ನಾನು ಗುಣ ಆಗಿದ್ದೇನೆ, ಹಾಗೇ ಇರ್ಲಿ ಅಂದ್ರು.”

ಒಂದು ತುತ್ತು ಕೇಳಿದ್ದರು. ಸಾಯುವ ಗಂಡ ಒಂದು ತುತ್ತು ಕೇಳಿದ್ದರು, ನಾನು ಅದನ್ನು ಬಿಸಿಬಿಸಿಯಾಗಿ ಕಸಕ್ಕೆ ಹಾಕಿ ಬಂದೆ. ನನ್ನಂಥ ಪಾಪಿ ಇನ್ನೊಬ್ಬಳಿಲ್ಲ. ಆಮೇಲೆ ಕೇಳಿದೆ: “ಶುಕ್ರವಾರ ನಾನು ಹೊರಗೆ ಹೋದಾಗ ನಿನ್ನ ಹತ್ತಿರ ಏನು ಹೇಳ್ತಾ ಇದ್ರು? ನನ್ನನ್ನು ಬೈದ್ರಾ?”

“ಇಲ್ಲ. ಬರ್ಗರ್ ಒಳಗೆ ಏನು ಇರ್ತದೆ ಅಂತ ಕೇಳಿದ್ರು. ಹೇಳಿದೆ. ಟಿಕ್ಕಿ, ಚೀಸ್, ಸಾಸ್, ಸೌತೆಕಾಯಿ, ಈರುಳ್ಳಿ. ಈರುಳ್ಳಿ ಹಸಿಯಾ, ಹುರಿದದ್ದಾ ಅಂತ ಕೇಳಿದ್ರು.” ಅವಳು ಅಪ್ಪನ ನೀರಿನ ಬಾಟಲಿಯ ಗೆರೆಯನ್ನು ಉಗುರಿನಲ್ಲಿ ಕೆರೆದಳು. “ಮುಝೆ ಪತಾ ನಹೀ ಥಾ, ಗೊತ್ತಿರ್ಲಿಲ್ಲ ಅಮ್ಮ. ಸಂಡೇ ನೋಡಿ ಹೇಳ್ತೇನೆ ಅಂದೆ.”

ನಾನು ಎದ್ದು ಸೆರಗು ಸರಿಮಾಡಿಕೊಂಡೆ. ಸೂತಕದ ಮನೆಯಿಂದ ಹೊರಗೆ ಕಾಲಿಡಬಾರದು ಎಂಬುದೂ ನೆನಪಾಗಲಿಲ್ಲ.

“ಎಲ್ಲಿಗಮ್ಮ?”

“ಅಂಗಡಿಗೆ. ಹಸಿಯಾ ಹುರಿದದ್ದಾ ಅಂತ ಕೇಳಿ ಬರ್ತೇನೆ.”

ಚಪ್ಪಲಿ ಹಾಕಿಕೊಂಡ ಮೇಲೆ, ಕೇಳಿ ಬಂದು ಹೇಳುವುದು ಯಾರಿಗೆ ಎಂದು ಹೊಳೆಯಿತು. ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ.