ಸುಗುಣ ನನ್ನ ಪರವಾಗಿ ಹೇಳಿದ್ದು

ಕೆರೆಯಂಚಿನ ಕೆಸರಿನಲ್ಲಿ ಜಿಂಕೆಯ ಹೆಜ್ಜೆಗಳು. ಜಿಂಕೆಯನ್ನು ಉಳಿಸಲು ಅವುಗಳ ಮೇಲೆ ನಿಂತು 'ಇವೆಲ್ಲ ನನ್ನವೇ' ಎಂದು ಬೇಟೆಗಾರನಿಗೆ ಹೇಳುವ ಒಂದು ಕೊಕ್ಕರೆ. ಅಜ್ಜಿಯ ಕತೆಗಳಲ್ಲಿ ನನ್ನನ್ನು ಬಿಡದೆ ಅಂಟಿಕೊಂಡದ್ದು ಇದು. ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದಾಗಲೂ ಜೊತೆಗೇ ಬಂದಿತ್ತು.

'ಸ್ಟ್ಯಾಂಡ್ ಅಪ್ ಫಾರ್' ಎಂಬ ಪ್ರಯೋಗವನ್ನು ಕಲಿಸಬೇಕಿದ್ದ ದಿನ ಹಲಗೆಯ ಮೇಲೆ ಅದನ್ನು ಬರೆದು, ಕೊಕ್ಕರೆಯ ಕತೆ ಶುರುಮಾಡಿದೆ. ಒಬ್ಬರನ್ನು ಬೇರೆಯವರು ದೂರುವಾಗ ಅವರ ಪರವಾಗಿ ಮಾತಾಡುವುದು ಎಂಬ ಅರ್ಥವನ್ನು ಕೊನೆಯಲ್ಲಿ ಹೇಳೋಣವೆಂದುಕೊಂಡಿದ್ದೆ. ಬೇಟೆಗಾರನ ಮೀಸೆ, ಕೆರೆಯ ತಾವರೆ ಎಂದು ಬೆಳೆಸುತ್ತ ಹೋದೆ, ಗಂಟೆ ಹೊಡೆಯಿತು. ಅರ್ಥ ಹೇಳುವುದೂ ಉಳಿಯಿತು, ವಾಕ್ಯದಲ್ಲಿ ಬಳಸಿ ತೋರಿಸುವುದೂ ಉಳಿಯಿತು.

ಹೊಸಬರ ಕೆಲಸ ಕಾಯಂ ಮಾಡುವ ಮುನ್ನ ಹೆಡ್‌ಮಿಸ್ಟ್ರೆಸ್ ವಾರಿಜಮ್ಮ ತರಗತಿಗೆ ಬಂದು ಮಕ್ಕಳನ್ನೇ ಪ್ರಶ್ನೆ ಕೇಳುವುದು ಅಲ್ಲಿಯ ಪದ್ಧತಿ. ಮರುದಿನವೇ ಬಂದರು. ಹಲಗೆಯಲ್ಲಿ ಅಳಿಸದೆ ಉಳಿದಿದ್ದುದನ್ನೇ ತೋರಿಸಿ ಅರ್ಥ ಕೇಳಿದರು. ಕೊಕ್ಕರೆ ಎಂದರು ಕೆಲವರು, ಕೆರೆ ಎಂದರು ಹಲವರು.

"ಏನಮ್ಮಾ, ಇಂಗ್ಲಿಷ್ ಕಲಿಸ್ತೀಯೋ, ಮಕ್ಕಳನ್ನ ಮಲಗಿಸ್ತೀಯೋ?" ಎಂದು ವಾರಿಜಮ್ಮ ನನ್ನತ್ತ ತಿರುಗಿದರು.

ಆಗ ಮುಂದಿನ ಬೆಂಚಿನಿಂದ ಸುಗುಣ ಎದ್ದಳು. ಮನೆಪಾಠ ಮಾಡದಿದ್ದರೆ ಮಾಡಿಲ್ಲವೆಂದೇ ಹೇಳುವ ಹುಡುಗಿ. ಅವಳ ಮಾತಿಗೆ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ.

"ಮಿಸ್ ಎಲ್ಲಾ ಹೇಳ್ಕೊಟ್ರು, ದೊಡ್ಡ ಮಿಸ್. ನಾವೇ ಕತೆ ಅಷ್ಟೇ ನೆನಪಿಟ್ಕೊಂಡ್ವಿ."

ಕಲಿಸಿದ್ದನ್ನು ಮರೆತವರಿಗೆ ಹಿಂದಿನ ಬೆಂಚು ಎಂಬುದು ಅಲ್ಲಿಯ ನಿಯಮ. ಹಾಗಾದರೆ ಮೊದಲು ನೀನೇ ನಡಿ ಎಂದರು ವಾರಿಜಮ್ಮ. ಸುಗುಣ ಪುಸ್ತಕ ಜೋಡಿಸಿಕೊಂಡು ಹೊರಟಳು. ಕೆಸರಿನಲ್ಲಿ ನಿಂತ ಕೊಕ್ಕರೆ ಕಣ್ಣಮುಂದೆ ಬಂತು. ಅತ್ತ ಜಿಂಕೆ ಏನು ಮಾಡುತ್ತಿತ್ತೆಂದು ಅಜ್ಜಿಯನ್ನು ನಾನು ಎಂದೂ ಕೇಳಿರಲಿಲ್ಲ.

ಅವಳು ಅರ್ಧ ದಾರಿ ಹೋದ ಮೇಲೆ ನನಗೆ ಬಾಯಿ ಬಂತು. "ಇಲ್ಲ ಮೇಡಂ, ನಾನು ಅರ್ಥ ಹೇಳಿಕೊಟ್ಟಿರಲಿಲ್ಲ."

ವಾರಿಜಮ್ಮ ನನ್ನನ್ನು ನೋಡಲಿಲ್ಲ. "ನೀನೂ ಸುಳ್ಳು ಕಲಿತ್ಯಾ ಸುಗುಣಾ?" ಎಂದರು, ಮೆಲ್ಲಗೆ. ಅವಳು ತನ್ನ ಜಾಗದಲ್ಲೇ ಕೂರಬಹುದೆಂದರು. ನಿಜ ಹೇಳಿದ್ದಕ್ಕೆ ನನಗೆ ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿ ಹೊರಟುಹೋದರು.

ನಾನು ಹತ್ತಿರ ಹೋಗಿ ಅವಳ ಭುಜ ಮುಟ್ಟಿದೆ.

"ಮೊದ್ಲೇ ಹೇಳ್ಬಾರ್ದಿತ್ತಾ ಮಿಸ್," ಎಂದಳು, ತಲೆಯೆತ್ತದೆ. "ಇನ್ಮೇಲೆ ನಾನ್ ಹೇಳಿದ್ದನ್ನ ಯಾರ್ ನಂಬ್ತಾರೆ?"

ನಾಚಿಕೆಯಿಂದ ನನ್ನ ಕೈ ತಾನಾಗಿ ಕೆಳಗಿಳಿಯಿತು. ಮುಂದಿನ ಬೆಂಚಿನ ಹುಡುಗಿಯರು ಒತ್ತಿಕೊಂಡು ಕೂತು ಅವಳಿಗೆ ಜಾಗ ಬಿಟ್ಟರು. ಸುಗುಣ ಅತ್ತ ತಿರುಗಲಿಲ್ಲ. ಯಾರೂ ಕಳಿಸದೆಯೇ ಹಿಂದಿನ ಬೆಂಚಿಗೆ ಹೋಗಿ, ಗೋಡೆಯ ಪಕ್ಕ ಕೂತು, ಪುಸ್ತಕ ತೆರೆದಳು.