ದೇವರ ಟಗರು ಹೋದ ದಾರಿ

"ಏಳಲೇ ಕುರುಬ ಸೂಳಿಮಗನ! ಹೆಣದ ಮುಂದ ಕುಂತು ಅಳಾಕ ಇದೇನು ನಿಮ್ಮಪ್ಪನ ಹೊಲಾನ?"

ಈರಬಸಪ್ಪಗೌಡರು ಬಡಿಗೆಯ ತುದಿಯಿಂದ ಕರಿಸಿದ್ದಪ್ಪನ ಬೆನ್ನು ತಿವಿದರು. ಅವನು ಏಳಲಿಲ್ಲ. ಬೀರಪ್ಪನ ಹೆಸರಲ್ಲಿ ಬಿಟ್ಟ ಟಗರು ಬಾಯಲ್ಲಿ ನೊರೆ ಬಂದು ಸತ್ತಿತ್ತು, ಅದರ ತಲೆ ಅವನ ತೊಡೆಯ ಮೇಲಿತ್ತು. ಸುತ್ತ ಅರ್ಧ ಹಿಂಡು ಕಾಲು ಸೆಟೆದು ಬಿದ್ದಿತ್ತು. ದೇವರ ಟಗರು ಹೋದದ್ದೇ ದಾರಿ, ಹಿಂಡು ಅದರ ಹಿಂದೆ. ಅಜ್ಜನ ಕಾಲದಿಂದ ಹಾಗೇ ನಡೆದಿತ್ತು. ಗೊಬ್ಬರವಾಗಲೆಂದು ಗೌಡರೇ ಕರೆದು ಹತ್ತಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದರು. ಹುಳಕ್ಕೆ ವಿಷದ ಎಣ್ಣೆ ಹೊಡೆಸಿದ್ದನ್ನು ಮಾತ್ರ ಹೇಳಿರಲಿಲ್ಲ.

ಅವರು ಹೇಳಿರಲಿಲ್ಲ, ಖರೆ. ಕರಿಸಿದ್ದಪ್ಪನ ಮೂಗು ಹೇಳಿತ್ತಲ್ಲ! ಬದುವಿನ ಮೇಲೆ ನಿಂತಾಗಲೇ ಎಣ್ಣೆಯ ಘಾಟು ಹೊಡೆದಿತ್ತು. ನಮ್ಮನ್ನೆಲ್ಲ ಕಾಯುವ ಕುರುಬ ಬೀರಪ್ಪ, ಅವನ ಟಗರು ತಪ್ಪು ದಾರಿ ಹಿಡಿದೀತೇ ಎಂದು ತಾನೇ ಸುಮ್ಮನಾಗಿದ್ದ. ಆ ಪಾಪ ಈಗ ಎದೆಯ ಮೇಲೆ ಕೂತಿತ್ತು.

ಗೌಡರು ಬಗ್ಗಿ ದನಿ ಇಳಿಸಿದರು. "ಬ್ಯಾನಿ ಬಿದ್ದು ಸತ್ತಾವು ಅನ್ನು. ಸತ್ತಷ್ಟೂ ಹೊಸಾ ಕುರಿ ಕೊಡಸ್ತೀನಿ. ಎಣ್ಣಿ ಮಾತು ತಗದಿ ಅಂದ್ರ ಉಳದಾವೂ ನಿನ್ನೂವಲ್ಲ."

ಬಳಿಕ ಕೂಲಿ ಹೆಂಗಸರ ಕಡೆ ತಿರುಗಿದರು. "ಏ ಹನಮವ್ವಾ, ಕೊಯ್ಕೊಂಡ್ ಹೋಗ್ರಿ. ಈ ವಾರದ ಕೂಲಿ ಇದ."

ಹನಮವ್ವ ಕುಡಗೋಲು ಹಿಡಿದು ಬಂದಳು. "ಯಣ್ಣಾ, ಏನೋ ಘಾಟು ಬರ್ತದಲ್ಲೋ? ತಿನ್ನಬಹುದೇನು?"

ಕರಿಸಿದ್ದಪ್ಪ ಸೊಂಟದ ಚೀಲದೊಳಗಿನ ಭಂಡಾರ ಮುಟ್ಟಿದ. ಬೆರಳು ಅರಿಶಿನವಾದವು. "ಬ್ಯಾನಿ ಬಿದ್ದು ಸತ್ತಾವು ತಂಗಿ. ಬೀರಪ್ಪನಾಣಿ."

ಆಕೆಗೆ ಅಷ್ಟೇ ಸಾಕಾಯಿತು. "ಹುಟ್ಟಿಸಿದ ದೇವರು ಹುಲ್ಲು ಮೇಸ್ತಾನೇನು? ಇವತ್ತಾದ್ರೂ ಮಕ್ಕಳು ಹೊಟ್ಟಿತುಂಬ ಉಣ್ತಾವು" ಎಂದು ಟಗರಿಗೆ ಕೈಮುಗಿದು ಹೊಟ್ಟೆ ಸೀಳಿದಳು.

ಅವನಿಂದ ನೋಡಲಾಗಲಿಲ್ಲ. ಹಿಂಡು ಟಗರಿನ ಹಿಂದೆ ಹೋದಂತೆ ಇವಳು ತನ್ನ ಆಣೆಯ ಹಿಂದೆ ಹೊರಟಿದ್ದಳು. ಗೌಡರ ಕಾಲ ಬಳಿ ಅವರ ಮುದ್ದಿನ ನಾಯಿ ಜೊಲ್ಲು ಸುರಿಸುತ್ತ ನಿಂತಿತ್ತು. ಕರಿಸಿದ್ದಪ್ಪ ಎದ್ದವನೇ ಕರುಳಿನ ತುಂಡು ಕಿತ್ತು ಅದರ ಮುಂದೆ ಒಗೆದ. ನಾಯಿ ಗಬಕ್ಕನೆ ಬಾಯಿ ಹಾಕಿತು.

"ಏ! ಬಿಡಸ್ರಲೇ! ವಿಷ ಐತಿ, ವಿಷ!" ಗೌಡರು ಮೊಣಕಾಲೂರಿ ನಾಯಿಯ ಬಾಯಲ್ಲಿ ಎರಡೂ ಕೈ ತುರುಕಿದರು.

ಹನಮವ್ವನ ಕುಡಗೋಲು ನಿಂತಿತು.

"ನಮ್ಮ ಮಕ್ಕಳ ಬಾಯಾಗ ಯಾರು ಕೈ ಹಾಕ್ತಿದ್ರೋ ಗೌಡಾ?"

ಆಮೇಲೆ ಕರಿಸಿದ್ದಪ್ಪನ ಕಡೆ ತಿರುಗಿ ಅವನ ಮುಖಕ್ಕೆ ಉಗುಳಿದಳು. ಅವನು ಒರೆಸಿಕೊಳ್ಳಲಿಲ್ಲ.