ಹಿಂಬದಿ ಮೂಲೆಯ ತೇವ

ಮೂವತ್ತೊಂದು ವರ್ಷ ಬೇರೆಯವರ ನೆಲಕ್ಕೆ ಬಣ್ಣ ಹಚ್ಚಿದ ಮೇಸ್ತ್ರಿಯವರು ತಮ್ಮ ಮನೆಯ ಗ್ಯಾರೇಜಿನ ನೆಲಕ್ಕೆ ಒಂದು ದಿನವೂ ರೋಲರ್ ಮುಟ್ಟಿಸಿರಲಿಲ್ಲ. ಆಸ್ಪತ್ರೆ, ಔಷಧಿ ಗೋದಾಮು, ಕಾರು ತೊಳೆಯುವ ಶೆಡ್ಡು ಎಂದು ಹೋದಲ್ಲೆಲ್ಲ ಮುಖ ಕಾಣುವಂಥ ನೆಲ ಮಾಡಿಕೊಡುವ ಮನುಷ್ಯನ ಮನೆಯಲ್ಲಿ ಬರೀ ಸಿಮೆಂಟು, ಅದರ ಮೇಲೆ ವ್ಯಾನಿನ ಎಣ್ಣೆ ಕಲೆ. ಯಾರಾದರೂ ಕೇಳಿದರೆ "ಪುರುಸೊತ್ತೆಲ್ಲಿದೆ" ಎಂದು ಮಾತು ತೇಲಿಸಿಬಿಡುತ್ತಿದ್ದರು.

ನಿಜವಾದ ಕಾರಣ ಬೇರೆ ಇತ್ತು. ಹಿಂಬದಿಯ ಎಡಮೂಲೆಯಲ್ಲಿ ಕಾಂಕ್ರೀಟಿನ ಅಡಿಯಲ್ಲಿ ಬಚ್ಚಲಿನ ಹಳೆಯ ಪೈಪು ಹಾದುಹೋಗಿತ್ತು. ಸೋರುತ್ತದೆ ಅನ್ನುವ ಹಾಗೆ ಅದು ಸೋರುತ್ತಿರಲಿಲ್ಲ, ಬೆವರುತ್ತಿತ್ತು ಅಷ್ಟೆ. ಮೇಲಿಂದ ನೋಡಿದರೆ ನೆಲ ಒಣಗಿದ ಹಾಗೆಯೇ ಕಾಣುತ್ತಿತ್ತು. ನೆಲ ಬರಿದಾಗಿದ್ದರೆ ಆ ತೇವ ಮೆಲ್ಲಗೆ ಗಾಳಿಗೆ ಹೋಗುತ್ತದೆ. ಬಣ್ಣದಿಂದ ಮುಚ್ಚಿದರೆ ಅಡಿಯಿಂದ ಬಣ್ಣವನ್ನೇ ಎಬ್ಬಿಸುತ್ತದೆ. ಮೊದಲು ಅಗೆದು ಪೈಪು ಬದಲಿಸಬೇಕು, ಮೇಲೆ ತೇವ ತಡೆಯುವ ಲೇಪ ಕೊಡಬೇಕು, ಬಣ್ಣ ಆಮೇಲಿನ ಮಾತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಎಂದು ಅನ್ನಿಸಿಯೂ ಇರಲಿಲ್ಲ.

ಹೊಸ ಗೋದಾಮೊಂದರಲ್ಲಿ ಮಂಡಿಯೂರಿ ಗೋಡೆಯಂಚಿಗೆ ಬಣ್ಣ ಹಚ್ಚುತ್ತಿದ್ದಾಗ ಅವರ ಬಲಗೈಯಿಂದ ಕುಂಚ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರು, ಕೈ ಮಾತು ಕೇಳಲಿಲ್ಲ. ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತ್ತು. ಬಾಯಲ್ಲಿ ಉಳಿದದ್ದು ಒಂದೇ ಪದ: ನಾಳೆ. ನೀರು ಬೇಕಾದರೂ ನಾಳೆ, ಬೆನ್ನು ನೋಯುತ್ತಿದ್ದರೂ ನಾಳೆ, ಮಗಳು ಬಂದಳು ಎಂದು ಸಂತೋಷವಾದರೂ ನಾಳೆ. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರದ ಬದಲು ಬಳ್ಳಿಯಂಥ ಗೆರೆ ಬರುತ್ತಿತ್ತು. ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ. ಹೌದು ಎನ್ನಲು ಹೋದರೆ ತಲೆ ಅಡ್ಡಡ್ಡ ಆಡಿಬಿಡುತ್ತಿತ್ತು.

"ಬುದ್ಧಿಗೇನೂ ಆಗಿಲ್ಲ, ಎಲ್ಲ ಗೊತ್ತಾಗತ್ತೆ ಅವರಿಗೆ," ಎಂದು ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಹೇಳಿದ್ದರು. "ಹೊರಗೆ ಬರೋ ದಾರಿ ಮಾತ್ರ ಮುಚ್ಚಿಹೋಗಿದೆ."

ಮನೆ ಇದ್ದದ್ದು ಮಹಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ಅವರನ್ನು ಕುರ್ಚಿಯ ಸಮೇತ ಇಬ್ಬರು ಎತ್ತಿ ಇಳಿಸಬೇಕಿತ್ತು. ಹೆಂಡತಿಯ ಸೊಂಟ ಆಗಲೇ ಹಿಡಿದುಕೊಂಡಿತ್ತು. ಕೊನೆಗೆ ಮಗಳೇ ದಾರಿ ಹುಡುಕಿದಳು. "ಕೆಳಗಡೆ ಗ್ಯಾರೇಜ್ ಖಾಲಿ ಬಿದ್ದಿದೆಯಲ್ಲಮ್ಮ. ಅದನ್ನೇ ಅಪ್ಪಂಗೆ ರೂಮು ಮಾಡೋಣ. ಬಾಗಿಲು ತೆಗೆದ್ರೆ ರಸ್ತೆ ಕಾಣತ್ತೆ, ಜನ ಕಾಣ್ತಾರೆ."

ಅಳಿಯ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವನು. ಪರೀಕ್ಷೆ ಮುಗಿದು ರಜೆ ಸಿಕ್ಕಿದ್ದೇ ತಡ, ನೆಲದ ಕೆಲಸ ತಾನೇ ಮಾಡುತ್ತೇನೆಂದು ಪಟ್ಟು ಹಿಡಿದ. ವಾರಗಟ್ಟಲೆ ಮೊಬೈಲಿನಲ್ಲಿ ನೋಡಿ, ಪಾಠದ ಟಿಪ್ಪಣಿಯ ಹಾಗೆ ನಾಲ್ಕು ಹಾಳೆ ಬರೆದುಕೊಂಡಿದ್ದ. ಮಾವನನ್ನು ಕೆಳಗಿಳಿಸಿ ಗ್ಯಾರೇಜಿನ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿದ.

"ಮಾವ, ನಿಮ್ಮ ಕಣ್ಣೆದುರಿಗೇ ಮಾಡ್ತೀನಿ. ಎಲ್ಲಾದ್ರೂ ತಪ್ಪಿದ್ರೆ ಹೇಳಿಬಿಡಿ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಮೇಸ್ತ್ರಿ ಎಡಗೈಯಿಂದ ಅವನ ತೋಳು ತಟ್ಟಿದರು. ಹುಡುಗ ಒಳ್ಳೆಯವನು. ಕೆಲಸವನ್ನೂ ಚೆನ್ನಾಗಿಯೇ ಶುರುಮಾಡಿದ. ಎಣ್ಣೆ ಕಲೆಗೆ ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿದ. ನೆಲ ಉಜ್ಜುವ ಯಂತ್ರ ಬಾಡಿಗೆಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿಟ್ಟಿನ ಗಿರಣಿಯಿಂದ ಬಂದವನಂತೆ ರೆಪ್ಪೆಯೆಲ್ಲ ಬೆಳ್ಳಗಾಗುವ ತನಕ ಉಜ್ಜಿದ. ಬಿರುಕುಗಳಿಗೆ ಪುಟ್ಟಿ ತುಂಬಿದ. ಮೂವತ್ತು ವರ್ಷ ಈ ಕಸುಬಿನಲ್ಲಿದ್ದವರು ಬಿಡುವ ಅಂಚುಗಳನ್ನೂ ಅವನು ಬಿಡಲಿಲ್ಲ. ನೋಡುತ್ತ ನೋಡುತ್ತ ಮೇಸ್ತ್ರಿಗೆ ಹೆಮ್ಮೆಯೇ ಆಯಿತು. ಧೂಳು ಹೋಗಲೆಂದು ಅವನು ನೆಲವನ್ನು ಪೂರ್ತಿ ತೊಳೆದು, ಎರಡು ಫ್ಯಾನು ಹಚ್ಚಿಟ್ಟು ಹೋದ.

ಮರುದಿನ ಬೆಳಿಗ್ಗೆ ನೆಲ ಸುಣ್ಣದಂತೆ ಒಣಗಿತ್ತು. ಅಳಿಯ ಅಂಗೈ ಒತ್ತಿ ನೋಡಿದ. "ಗರಿಗರಿ," ಎಂದು ನಕ್ಕು, ಬಣ್ಣದ ಎರಡು ಡಬ್ಬಿಗಳನ್ನು ತಂದಿಟ್ಟ. ಒಂದರಲ್ಲಿ ಬೂದು ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಎರಡನ್ನೂ ಬೆರೆಸಿದರೆ ಮುಗಿಯಿತು, ನಲವತ್ತು ನಿಮಿಷದೊಳಗೆ ಹಚ್ಚಲೇಬೇಕು.

ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹುಡುಗ ಹಾಳೆ ಅಂಟಿಸಿ ತೇವ ನೋಡಿಯೇ ಇಲ್ಲ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು, ನಾಲ್ಕೂ ಬದಿಗೆ ಟೇಪು ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಸಾಕು. ಅಡಿಯಲ್ಲಿ ತೇವವಿದ್ದರೆ ಹಾಳೆಯ ಒಳಬದಿಗೆ ಹನಿ ಕೂಡುತ್ತದೆ.

"ನಾಳೆ," ಎಂದರು.

"ನಾಳೆ ಅಲ್ಲ ಮಾವ, ಇವತ್ತೇ. ಸಂಜೆಯೊಳಗೆ ಮೊದಲನೇ ಕೋಟ್ ಮುಗಿಸ್ತೀನಿ."

ಬಾಗಿಲ ಪಕ್ಕದಲ್ಲಿ ಹೊಸ ಹಾಸಿಗೆಗೆ ಸುತ್ತಿ ಬಂದಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆ ಬಿದ್ದಿತ್ತು. ಮೇಸ್ತ್ರಿ ಅದನ್ನು ತೋರಿಸಿದರು, ಹಿಂಬದಿಯ ಮೂಲೆಯನ್ನು ತೋರಿಸಿದರು. ಅಳಿಯ ಕಣ್ಣು ಕಿರಿದು ಮಾಡಿ ಎರಡೂ ಕಡೆ ನೋಡಿದ. ಮೂಲೆಯ ಮೇಲುಗಡೆ ಕಿಟಕಿಯೊಂದಿತ್ತು. "ಓ, ಧೂಳು ಬರತ್ತೆ ಅಂತ ತಾನೇ? ಮೇಸ್ತ್ರಿ ಅಂದ್ರೆ ಮೇಸ್ತ್ರಿನೇ," ಎಂದು ಹಾಳೆಯನ್ನು ಕತ್ತರಿಸಿ, ಕಿಟಕಿಗೆ ನೀಟಾಗಿ ಟೇಪು ಹಚ್ಚಿ ಬಂದ.

"ನಾಳೆ. ನಾಳೆ."

ಆರು ತಿಂಗಳಲ್ಲಿ ಮೊದಲ ಸಲ ಆ ಪದ ಅವರು ಹೇಳಬೇಕೆಂದದ್ದನ್ನೇ ಹೇಳುತ್ತಿತ್ತು. ಇವತ್ತು ಬೇಡ, ಒಂದು ದಿನ ಕಾಯಿ, ನಾಳೆ ನೋಡೋಣ. ಆದರೆ ಅದನ್ನು ಅಷ್ಟು ಸಲ ಕೇಳಿ ಕೇಳಿ ಮನೆಯವರ ಕಿವಿಗೆ ಅದು ಪದವಾಗಿಯೇ ಉಳಿದಿರಲಿಲ್ಲ, ಕೆಮ್ಮಿನಂತಾಗಿತ್ತು. ಟೀ ತಂದ ಹೆಂಡತಿ, "ಆಸ್ಪತ್ರೆ ನಾಳೆ ಅಲ್ಲ ರೀ, ಮಂಗಳವಾರ," ಎಂದಳು.

ಅಳಿಯ ಎರಡನೆಯ ಡಬ್ಬಿಯ ಮುಚ್ಚಳ ತೆಗೆದ. ಮೇಸ್ತ್ರಿ ಎಡಗೈಯಿಂದ ಕುರ್ಚಿಯ ಬ್ರೇಕು ಬಿಡಿಸಿ, ಎಡಗಾಲಿನಿಂದ ನೆಲ ಒತ್ತಿದರು. ಒಂದೇ ಕಡೆಯಿಂದ ಒತ್ತಿದ ಕುರ್ಚಿ ನೆಟ್ಟಗೆ ಹೋಗಲಿಲ್ಲ, ಸೊಟ್ಟಗೆ ತಿರುಗುತ್ತ ಡಬ್ಬಿಗಳ ಮುಂದೆ ಹೋಗಿ ನಿಂತಿತು. ಅಳಿಯ ಗಾಬರಿಯಾಗಿ ಡಬ್ಬಿ ಎತ್ತಿಕೊಂಡ. ಮೇಸ್ತ್ರಿ ಅವನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಗಿಯೇ ಇತ್ತು. "ನಾಳೆ," ಎಂದರು, "ನಾಳೆ, ನಾಳೆ." ಬಾಯಂಚಿನಿಂದ ಜೊಲ್ಲು ಇಳಿಯಿತು.

ಹೆಂಡತಿ ಓಡಿ ಬಂದು ಸೆರಗಿನಿಂದ ಬಾಯಿ ಒರೆಸಿದಳು. ಅವಳ ಕಣ್ಣೂ ತುಂಬಿತ್ತು. "ನಿಮ್ಮ ಕೆಲಸ ಇನ್ನೊಬ್ಬರು ಮಾಡೋದು ನೋಡಕ್ಕಾಗ್ತಿಲ್ಲ, ನಂಗೊತ್ತು. ಆದ್ರೆ ಅವರು ನಮಗೋಸ್ಕರ ತಾನೇ ಒದ್ದಾಡ್ತಿರೋದು? ಬಿಟ್ಟುಬಿಡಿ ರೀ. ದಮ್ಮಯ್ಯ ಅಂತೀನಿ."

ಅದರಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಇರಬೇಕು, ಮೇಸ್ತ್ರಿಯ ಕೈ ಸಡಿಲವಾಯಿತು. ಹೆಂಡತಿ ಕುರ್ಚಿಯನ್ನು ಹಿಂದಕ್ಕೆಳೆದು ಬ್ರೇಕು ಹಾಕಿದಳು. ಅಳಿಯ ಬೆರೆಸಿದ, ಸುರಿದ, ರೋಲರ್ ಆಡಿಸಿದ. ಹಿಂಬದಿಯ ಮೂಲೆಯಿಂದಲೇ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬಂದ. ಅವನ ಬೆನ್ನು ಬಾಗಿತ್ತು, ಬೆವರು ಇಳಿಯುತ್ತಿತ್ತು. ಮೇಸ್ತ್ರಿ ನೋಡುತ್ತ ಕೂತರು. ಬಣ್ಣ ಎಲ್ಲ ಕಡೆಯೂ ಸಮನಾಗಿ ಕೂತಿತ್ತು, ಆ ಮೂಲೆಯಲ್ಲೂ.

ಹತ್ತು ದಿನ ಬಿಟ್ಟು ಅವರ ಮಂಚ ಕೆಳಗೆ ಬಂತು. ಬಂದವರೆಲ್ಲ ನೆಲ ನೋಡಿ ಬಾಯ್ತುಂಬ ಹೊಗಳಿದರು. ಹೆಂಡತಿಯಂತೂ, "ಮೇಸ್ತ್ರಿ ಅಳಿಯನೂ ಮೇಸ್ತ್ರಿ ಆದ," ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮೊದಲ ಗುಳ್ಳೆಯನ್ನು ಕಂಡವರು ಮೇಸ್ತ್ರಿಯೇ. ಮಂಚದಿಂದ ಆ ಮೂಲೆ ನೆಟ್ಟಗೆ ಕಾಣುತ್ತಿತ್ತು. ಮೂರನೆಯ ವಾರ ಬಟಾಣಿ ಕಾಳಿನಷ್ಟು ಎದ್ದಿತ್ತು, ನಾಲ್ಕನೆಯ ವಾರಕ್ಕೆ ಅಂಥವು ಏಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅವುಗಳ ನೆರಳು ಬೀಳುತ್ತಿತ್ತು. ಅವರು ಯಾರಿಗೂ ತೋರಿಸಲು ಹೋಗಲಿಲ್ಲ. ತೋರಿಸಿ ಆಗುವುದೇನಿತ್ತು. ಒಂದು ದಿನ ಹೆಂಡತಿ ಕುರ್ಚಿಯನ್ನು ಆ ಕಡೆಯಿಂದ ತಿರುಗಿಸಿದಳು. ಗಾಲಿಗೆ ಸಿಕ್ಕ ಬಣ್ಣ ಬಾಳೆಯ ಸಿಪ್ಪೆಯಂತೆ ಉದ್ದಕ್ಕೆ ಕಿತ್ತು ಬಂತು.

ಸುದ್ದಿ ತಿಳಿದು ಅಳಿಯ ಓಡಿ ಬಂದ. ಅವನ ಜೊತೆಗೆ ಮೇಸ್ತ್ರಿಯ ಹಳೆಯ ಜೊತೆಗಾರನೂ ಬಂದಿದ್ದ. ಗೋಡೆಯಂಚಿಗೆ ನೂಲು ಹಿಡಿದಂತೆ ಟೇಪು ಹಚ್ಚುತ್ತಿದ್ದುದರಿಂದ ಎಲ್ಲರೂ ಅವನನ್ನು ಟೇಪಣ್ಣ ಅನ್ನುತ್ತಿದ್ದರು. ಇಷ್ಟು ದಿನ ಬೇರೆ ಊರಿನ ಕೆಲಸದಲ್ಲಿದ್ದ. ಅವನು ಕಿತ್ತ ಬಣ್ಣವನ್ನು ಮಗುಚಿ, ಅಡಿಯ ಪಸೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ.

"ಪ್ಲಾಸ್ಟಿಕ್ ಅಂಟಿಸಿ ಒಂದು ದಿನ ಬಿಟ್ಟಿದ್ರಾ ಸ್ವಾಮಿ?"

"ಪ್ಲಾಸ್ಟಿಕ್ಕಾ? ಯಾಕೆ?"

ಟೇಪಣ್ಣ ವಿವರಿಸಿದ, ಅಡಿಯಲ್ಲಿ ಬಚ್ಚಲಿನ ಪೈಪು ಬೆವರುತ್ತಿರಬೇಕು ಎಂದೂ ಹೇಳಿದ. ಕೇಳುತ್ತ ಕೇಳುತ್ತ ಅಳಿಯನ ಮುಖ ಬಿಳಿಚಿಕೊಂಡಿತು. ಕಿಟಕಿಯ ಕಡೆ ನೋಡಿದ, ಆಮೇಲೆ ಮಾವನ ಕಡೆ. ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವರ ಎಡಗೈ ಹಿಡಿದುಕೊಂಡ.

"ಮಾವ, ನೀವು ಅವತ್ತು..." ಎಂದು ಆ ಕೈಯನ್ನು ಹಣೆಗೆ ಒತ್ತಿಕೊಂಡ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ಹೆಂಡತಿಯ ಹೆಗಲು ಅಲುಗುತ್ತಿತ್ತು.

ಸರಿಪಡಿಸುವ ಮಾತೂ ಆಯಿತು. ಪೈಪಿಗಾಗಿ ಅಗೆಯಬೇಕು, ಹೊಸ ಕಾಂಕ್ರೀಟು ಒಣಗಲು ತಿಂಗಳು ಬೇಕು, ಆಮೇಲೆ ಲೇಪ, ಬಣ್ಣ. ಅಲ್ಲಿಯವರೆಗೆ ಮೇಸ್ತ್ರಿಯನ್ನು ಎಲ್ಲಿಡುವುದು? ಮೇಲೆ ಹದಿನೆಂಟು ಮೆಟ್ಟಿಲು, ಅಗೆದ ಧೂಳೂ ಅಲ್ಲಿಗೇ ಏರುತ್ತದೆ. ಮಗಳ ಮನೆ ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿ. ಕೆಳಗೆ ಬಂದ ಮೇಲೆ ನುಂಗಿದ್ದು ನೆತ್ತಿಗೇರಿ ಎರಡು ಸಲ ಎದೆ ಕಟ್ಟಿದ್ದರಿಂದ, ಧೂಳು ಮತ್ತು ಬಣ್ಣದ ವಾಸನೆಯ ಹತ್ತಿರ ಕೂಡ ಬಿಡಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಎಲ್ಲ ಕಡೆಯಿಂದ ಲೆಕ್ಕ ಹಾಕಿದ ಟೇಪಣ್ಣ ಕೊನೆಗೆ ಕೈಚೆಲ್ಲಿದ. "ಏಳೋ ಬಣ್ಣ ಎದ್ದೇ ಏಳತ್ತೆ. ಗಾಲಿಗೆ ಸಿಗದ ಹಾಗೆ ಹೆರೆದು ತೆಗೀತಾ ಇರಿ. ಬೇರೆ ದಾರಿ ಕಾಣ್ತಿಲ್ಲ," ಎಂದು ತನ್ನ ಚೀಲದಿಂದ ಅಗಲ ಅಲಗಿನ ಹೆರೆಯುವ ಸಾಧನ ತೆಗೆದು ಕೊಟ್ಟು ಹೋದ.

ಮರುದಿನದಿಂದ ಆ ಕೆಲಸ ಹೆಂಡತಿಗೆ ಬಂತು. ಸೊಂಟ ಬಾಗದ ಕಾರಣ ಮಣೆ ಹಾಕಿಕೊಂಡು ಕೂತು ಹೆರೆಯುತ್ತಿದ್ದಳು. ಅಲಗನ್ನು ನೆಟ್ಟಗೆ ಹಿಡಿಯುತ್ತಿದ್ದುದರಿಂದ ಗಟ್ಟಿಯಾಗಿದ್ದ ಬಣ್ಣವೂ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಮೇಸ್ತ್ರಿ ಕುರ್ಚಿಯನ್ನು ಸೊಟ್ಟಸೊಟ್ಟಗೆ ತಳ್ಳಿಕೊಂಡು ಹತ್ತಿರ ಬಂದು, ಬಗ್ಗಿ, ಅವಳ ಮಣಿಕಟ್ಟನ್ನು ಹಿಡಿದು ಕೆಳಕ್ಕೆ ಒತ್ತಿದರು. ಅಲಗು ನೆಲಕ್ಕೆ ಮಲಗಿತು.

"ಹೀಗಾ?" ಎಂದಳು.

ಅವರು ಕೈ ತೆಗೆಯಲಿಲ್ಲ. ಅವಳು ಮೆಲ್ಲಗೆ ತಳ್ಳಿದಳು. ಸತ್ತ ಬಣ್ಣವಷ್ಟೇ ಎದ್ದು, ಅಂಟಿಕೊಂಡದ್ದು ಹಾಗೆಯೇ ಉಳಿಯಿತು. ಮೂಲೆ ಮುಗಿಸಿ ಅವಳು ಮಣೆ ಸರಿಸಿಕೊಂಡಳು. ಬೀರುವಿನ ಕಾಲ ಬುಡದಲ್ಲಿ ಇನ್ನೆರಡು ಗುಳ್ಳೆಗಳು ಹೊಸದಾಗಿ ಎದ್ದಿದ್ದವು.